ಲ್ಯಾಬಲ್ಲಿ ಪಾದರಸ ಚೆಲ್ಲಿದ್ರೆ ಕಸಬರಿಗೆ ಮುಟ್ಟಬೇಡ್ರಿ: ಒಡೆದ ಥರ್ಮಾಮೀಟರಿಂದ ಹಿಡಿದು ವಿಲೇವಾರಿ ತನಕ

ಏಪ್ರಿಲ್ ತಿಂಗಳು, ದಾವಣಗೆರೆ ಬಿಸಿಲು, ಪರೀಕ್ಷೆ ಎಲ್ಲ ಮುಗಿದು ಫಿಸಿಕ್ಸ್ ಲ್ಯಾಬಲ್ಲಿ ಸ್ಟಾಕ್ ವೆರಿಫಿಕೇಶನ್ ನಡೀತಿತ್ತು. ಕೈಜಾರಿ ಬಿದ್ದ ಒಂದು ಸ್ಕ್ರೂ ಹುಡುಕೋಕೆ ಅಂತ ಹಳೇ ತೇಗದ ಟೇಬಲ್ ಸರಿಸಿ ನೆಲಕ್ಕೆ ಮೊಬೈಲ್ ಟಾರ್ಚ್ ಬಿಟ್ಟೆ. ಶಹಾಬಾದಿ ಕಲ್ಲಿನ ಸಂದಿನಲ್ಲಿ ಸಾಸಿವೆಗಿಂತ ಸಣ್ಣ ಗುಂಡುಗಳು ಸಾಲಾಗಿ ಮಿಂಚಿದ್ವು, ಎಣಿಸೋಕೆ ಹೋದ್ರೆ ಮೂವತ್ತರ ಮೇಲೆ ಲೆಕ್ಕ ತಪ್ಪಿತು. ಎರಡು ವರ್ಷದ ಹಿಂದೆ ಒಬ್ಬ ಹುಡುಗ ಕ್ಯಾಲೊರಿಮೀಟರ್ ಪ್ರಯೋಗ ಮಾಡೋವಾಗ ಥರ್ಮಾಮೀಟರ್ ಬೀಳಿಸಿದ್ದ, ಅದರದ್ದೇ ಪಾದರಸ ಅದು. ಆವತ್ತು "ಕಸಬರಿಗೆ ತಗೊಂಡು ಗುಡಿಸಿಬಿಡ್ರಿ" ಅಂತ ಅಟೆಂಡರ್ ಅಣ್ಣಂಗೆ ಹೇಳಿದೋನು ನಾನೇ. ಆ ಟೇಬಲ್ ಪಕ್ಕಕ್ಕೇ ಅವರ ಸ್ಟೂಲ್ ಐತೆ, ಹುಡುಗರು ವಾರಕ್ಕೆ ಎರಡು ತಾಸು ಬಂದು ಹೋಗ್ತಾರೆ, ನಾವು ಮೇಷ್ಟ್ರು ಸ್ಟಾಫ್ ರೂಮಿಗೆ ಹೋಗ್ತೀವಿ, ಬೆಳಗ್ಗೆಯಿಂದ ಸಂಜೆ ತನಕ ಆ ಗಾಳಿ ಕುಡಿಯೋರು ಅವರೊಬ್ಬರೇ. ಪುಣ್ಯಕ್ಕೆ ಅವರಿಗೆ ಏನೂ ಆಗ್ಲಿಲ್ಲ. ಆದ್ರೆ ಆವತ್ತು ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ.

ಆಮೇಲೆ ಈ ವಿಷಯ ಸರಿಯಾಗಿ ಓದಿ, ತಿಳಿದೋರನ್ನ ಕೇಳಿ, ನಮ್ಮ ಲ್ಯಾಬಲ್ಲಿ ಪದ್ಧತಿನೇ ಬದಲು ಮಾಡಿದ್ವಿ. ದಾವಣಗೆರೆ, ಹರಿಹರ, ಚಿತ್ರದುರ್ಗ, ಚಳ್ಳಕೆರೆ ಕಡೆ ಪಿಯು ಡಿಗ್ರಿ ಕಾಲೇಜುಗಳ ಲ್ಯಾಬಲ್ಲಿ ಕೆಲಸ ಮಾಡೋ ಅಟೆಂಡರ್, ಇನ್‌ಸ್ಟ್ರಕ್ಟರ್, ಹೊಸದಾಗಿ ಸೇರಿದ ಲೆಕ್ಚರರ್ ಇವರಿಗೆಲ್ಲ ಉಪಯೋಗ ಆಗ್ಲಿ ಅಂತ ಇಲ್ಲಿ ಬರೀತಿದೀನಿ.

ಮೊದಲು, ಯಾಕೆ ಇಷ್ಟು ಹೆದರಬೇಕು

ಪಾದರಸ ಕೈಗೆ ಹತ್ತಿದ್ರೆ ವಿಷ ಏರುತ್ತೆ ಅಂತ ಸುಮಾರು ಜನ ತಿಳ್ಕೊಂಡಿದಾರೆ, ಇನ್ನು ಕೆಲವರು ನಾವು ಚಿಕ್ಕೋರಿದ್ದಾಗ ಅಂಗೈಲಿ ಇಟ್ಕೊಂಡು ಆಡಿದೀವಿ ಏನೂ ಆಗಿಲ್ಲ ಅಂತಾರೆ. ಇಬ್ಬರೂ ನೋಡ್ತಿರೋದು ಗುಂಡನ್ನ. ಲೋಹದ ಪಾದರಸ ನುಂಗಿದ್ರೂ ಹೊಟ್ಟೆ ಅದನ್ನ ಹೀರಿಕೊಳ್ಳೋದು ತೀರಾ ಕಮ್ಮಿ, ಹೆಚ್ಚು ಭಾಗ ಹಂಗೇ ಹೊರಗೆ ಹೋಗುತ್ತೆ. ಆದ್ರೆ ಅದರ ಆವಿ ಉಸಿರಲ್ಲಿ ಒಳಗೆ ಹೋದ್ರೆ ಸುಮಾರು ನೂರಕ್ಕೆ 80 ಭಾಗ ಶ್ವಾಸಕೋಶದಿಂದ ರಕ್ತಕ್ಕೆ ಸೇರುತ್ತೆ, ಅಲ್ಲಿಂದ ಮೆದುಳಿಗೆ, ಕಿಡ್ನಿಗೆ. ಆವಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಕೆಮ್ಮೂ ಬರಲ್ಲ. ತುಂಬಾ ದಿನ ಉಸಿರಾಡಿದೋರಿಗೆ ಕೈ ನಡುಕ, ನಿದ್ದೆ ಕೆಡೋದು, ಸುಮ್ಮನೆ ಸಿಟ್ಟು ಬರೋದು, ಮರೆವು, ಒಸಡು ಊದೋದು ಹಿಂಗೆ ನಿಧಾನಕ್ಕೆ ಶುರುವಾಗುತ್ತೆ, ಆಗ ಬಿಪಿ ಅಂತಲೋ ವಯಸ್ಸಾಯ್ತು ಅಂತಲೋ ಅಂದ್ಕೊಂಡು ಸುಮ್ಮನಾಗ್ತಾರೆ.

ನಮ್ಮ ಊರಿನ ಸೆಕೆ ಇದನ್ನ ಇನ್ನೂ ಕೆಡಿಸುತ್ತೆ. ಮುಚ್ಚಿದ ಜಾಗದಲ್ಲಿ 20 ಡಿಗ್ರಿ ಸೆಲ್ಸಿಯಸ್ಸಲ್ಲಿ ಗಾಳಿ ತುಂಬಾ ಪಾದರಸ ಹಿಡಿದ್ರೆ ಒಂದು ಘನ ಮೀಟರಿಗೆ ಸುಮಾರು 13-14 ಮಿಲಿಗ್ರಾಂ ತನಕ ಹಿಡಿಯುತ್ತೆ, ಅಮೆರಿಕದ ಕೈಗಾರಿಕಾ ನೈರ್ಮಲ್ಯ ತಜ್ಞರ ಸಂಸ್ಥೆ ಎಂಟು ತಾಸಿನ ಕೆಲಸಕ್ಕೆ ಹಾಕಿರೋ ಮಿತಿ ಒಂದು ಘನ ಮೀಟರಿಗೆ 0.025 ಮಿಲಿಗ್ರಾಂ. ಎಷ್ಟು ದೂರ ಐತೆ ನೋಡ್ರಿ. ಅದರ ಮೇಲೆ ಉಷ್ಣತೆ ಹತ್ತು ಡಿಗ್ರಿ ಏರಿದಂಗೆಲ್ಲ ಆವಿಯ ಒತ್ತಡ ಎರಡು ಪಟ್ಟಿಗೂ ಜಾಸ್ತಿ ಆಗ್ತಾ ಹೋಗುತ್ತೆ, ಅಂದ್ರೆ ಪುಸ್ತಕದಲ್ಲಿ 20 ಡಿಗ್ರಿಗೆ ಕೊಟ್ಟಿರೋ ಲೆಕ್ಕ ಏಪ್ರಿಲ್ಲಿನ ದಾವಣಗೆರೆಗೆ ಹೊಂದಲ್ಲ.

ಇನ್ನು ಕಸಬರಿಗೆ ವಿಷಯ. 1 ಗ್ರಾಂ ಪಾದರಸ ಒಂದೇ ಗುಂಡಾಗಿ ಕೂತ್ರೆ ಅಡ್ಡಳತೆ ಸುಮಾರು 5 ಮಿಲಿಮೀಟರ್, ಒಂದು ಬಟಾಣಿಗಿಂತ ಚಿಕ್ಕದು. ಅದೇ 1 ಗ್ರಾಂ ಕಸಬರಿಗೆ ಕಡ್ಡಿಗೆ ಸಿಕ್ಕಿ ಸಾವಿರ ಚೂರಾಯ್ತು ಅಂದ್ಕೊಳ್ರಿ, ತೂಕ ಅಷ್ಟೇ, ಆದ್ರೆ ಗಾಳಿಗೆ ತೆರೆದ ಮೇಲ್ಮೈ ಹತ್ತು ಪಟ್ಟು ಆಗುತ್ತೆ. ಆವಿ ಹೊರಡೋದು ಮೇಲ್ಮೈಯಿಂದ. ಅಂದ್ರೆ ಗುಡಿಸಿದೋರು ಕ್ಲೀನ್ ಮಾಡ್ಲಿಲ್ಲ, ಒಂದು ಕಡೆ ಇದ್ದದ್ದನ್ನ ರೂಮಿಗೆಲ್ಲ ಹಂಚಿದ್ರು, ಕಸಬರಿಗೆಗೂ ಹತ್ತಿಸಿದ್ರು, ಆ ಕಸಬರಿಗೆ ಮರುದಿನ ಸ್ಟಾಫ್ ರೂಮಿಗೂ ಹೋಯ್ತು. ವ್ಯಾಕ್ಯೂಮ್ ಕ್ಲೀನರ್ ಅಂತೂ ಇನ್ನೂ ಕೆಟ್ಟದ್ದು, ಒಳಗಿನ ಬಿಸಿಗೆ ಆವಿ ಮಾಡಿ ಹಿಂದಿನಿಂದ ರೂಮಿಗೇ ಊದುತ್ತೆ.

ಪಟ್ಟಿ ಮಾಡ್ರಿ, ಕಿಟ್ ಮಾಡ್ರಿ

ಏನೂ ಚೆಲ್ಲೋಕೆ ಮುಂಚೆ ಒಂದು ದಿನ ಕೂತು ಪಾದರಸ ಎಲ್ಲೆಲ್ಲಿ ಐತೆ ಅಂತ ಬರೀರಿ. ಜ್ವರ ನೋಡೋ ಥರ್ಮಾಮೀಟರಲ್ಲಿ ಅರ್ಧದಿಂದ 1 ಗ್ರಾಂ, ಲ್ಯಾಬ್ ಥರ್ಮಾಮೀಟರಲ್ಲಿ ಅದಕ್ಕಿಂತ ಜಾಸ್ತಿ. ಗೋಡೆ ಮೇಲಿನ, ಗಾಳಿ ಒತ್ತಡ ಅಳೆಯೋ ಫಾರ್ಟಿನ್ ಬ್ಯಾರೋಮೀಟರಲ್ಲಿ ಅರ್ಧ ಕೆಜಿಗೂ ಮೇಲೆ ಇರುತ್ತೆ. ಕಾಲೇಜಿನ ಆರೋಗ್ಯ ಕೊಠಡಿಲಿ ಹಳೇ ಬಿಪಿ ಮಷಿನ್ ಇದ್ರೆ ಅದು, ಬೀರಿನ ಮೂಲೇಲಿ ಯಾರೋ ಬಿಟ್ಟುಹೋದ ಪಾದರಸದ ಬಾಟಲಿ, ಕೆಮಿಸ್ಟ್ರಿ ಕಡೆ ನೆಸ್ಲರ್ ರೀಏಜೆಂಟ್, ಮರ್ಕ್ಯುರಿಕ್ ಕ್ಲೋರೈಡ್, ಮರ್ಕ್ಯುರಿಕ್ ಸಲ್ಫೇಟ್. ಸುಟ್ಟುಹೋದ ಟ್ಯೂಬ್‌ಲೈಟ್, ಸಿಎಫ್‌ಎಲ್ ಬಲ್ಬಲ್ಲೂ ಕೆಲವೇ ಮಿಲಿಗ್ರಾಂ ಐತೆ, ಅವನ್ನ ಒಡೆದು ಕಸಕ್ಕೆ ಹಾಕದೆ ಇಡಿಯಾಗಿ ರಟ್ಟಿನ ಡಬ್ಬಿಲಿಟ್ಟು ಇ-ವೇಸ್ಟ್ ತಗೊಳ್ಳೋರಿಗೆ ಕೊಡ್ರಿ.

ಚೆಲ್ಲಿದ್ದನ್ನ ಎತ್ತೋ ಸಾಮಾನಿನ ಡಬ್ಬಿ, ಅಂದ್ರೆ ಸ್ಪಿಲ್ ಕಿಟ್ ರೆಡಿ ಸಿಗುತ್ತೆ, ಕಾಲೇಜಲ್ಲಿ ದುಡ್ಡು ಇಲ್ಲ ಅಂದ್ರೆ ನಾವೇ ಮಾಡ್ಕೋಬಹುದು. ಒಂದು ಪ್ಲಾಸ್ಟಿಕ್ ಡಬ್ಬಿಲಿ ನೈಟ್ರೈಲ್ ಗ್ಲೌಸ್ ಎರಡು ಮೂರು ಜೊತೆ, ಸೂಜಿ ತೆಗೆದ ಸಿರಿಂಜ್ ಇಲ್ಲ ಡ್ರಾಪರ್, ಟಾರ್ಚ್, ಅಗಲದ ಅಂಟು ಟೇಪ್, ಸಣ್ಣ ಪೇಂಟ್ ಬ್ರಷ್, ಜಿಪ್ ಇರೋ ದಪ್ಪ ಕವರ್, ಅಗಲ ಬಾಯಿಯ ತಿರುಗಣೆ ಮುಚ್ಚಳದ ಪ್ಲಾಸ್ಟಿಕ್ ಬಾಟಲಿ, ಟಿಶ್ಯೂ ಪೇಪರ್, ಒಂದು 100 ಗ್ರಾಂ ಗಂಧಕದ ಪುಡಿ. ಗುಂಡುಗಳನ್ನ ಒಟ್ಟುಗೂಡಿಸೋಕೆ ಗಟ್ಟಿ ಕಾಗದ ಬೇಕು, ಅದಕ್ಕೆ ಹಳೇ ಲಗ್ನಪತ್ರಿಕೆ ಕತ್ತರಿಸಿ ಇಟ್ಕೊಂಡ್ರೆ ಸಾಕು, ಅದರ ನುಣುಪಾದ ಅಂಚು ಇದಕ್ಕೆ ಹೇಳಿ ಮಾಡಿಸಿದಂಗೆ ಐತೆ. ಗಂಧಕ ಲ್ಯಾಬ್ ಕೆಮಿಕಲ್ ಅಂಗಡಿದೇ ತರ್ರಿ, ಗೊಬ್ಬರದ ಅಂಗಡಿಲಿ ಸಿಗೋ ವೆಟಬಲ್ ಸಲ್ಫರಲ್ಲಿ ಬೇರೆ ಸಾಮಾನು ಸೇರಿಸಿರ್ತಾರೆ. ಟ್ರೇ ಬೇಕು, ಆದ್ರೆ ಅಲ್ಯುಮಿನಿಯಂದು ಬೇಡ, ಪಾದರಸ ಅಲ್ಯುಮಿನಿಯಂ ತಿನ್ನುತ್ತೆ. ಪ್ಲಾಸ್ಟಿಕ್ ಇಲ್ಲ ಎನಾಮಲ್ ಟ್ರೇ ನೋಡ್ರಿ.

ಬಟ್ಟೆ ಮಾಸ್ಕು, ಎನ್-95 ಮಾಸ್ಕು ಹಾಕ್ಕೊಂಡ್ರೆ ಆಯ್ತಲ್ಲ ಅಂತ ಕೇಳ್ತಾರೆ. ಇಲ್ಲ, ಅವು ಧೂಳು ತಡೀತಾವೆ, ಪಾದರಸದ ಆವಿ ತಡೆಯಲ್ಲ, ಅದಕ್ಕೆ ಬೇರೆ ಥರದ ಕಾರ್ಟ್ರಿಡ್ಜ್ ಇರೋ ಮಾಸ್ಕೇ ಬೇಕು. ಅದಿಲ್ಲದ ಕಡೆ ನಮ್ಮ ಮಾಸ್ಕು ಅಂದ್ರೆ ತೆರೆದ ಕಿಟಕಿ.

ದಿನದ ಕೆಲಸದಲ್ಲಿ

ಪಾದರಸ ಬಳಸೋ ಯಾವುದೇ ಪ್ರಯೋಗ ಟ್ರೇ ಒಳಗೆ ಮಾಡಿಸ್ರಿ, ಬಿದ್ದದ್ದು ಟ್ರೇಲೇ ಉಳಿಯುತ್ತೆ. ಉಂಗುರ, ಬಳೆ, ಸರ, ವಾಚು ಮೊದಲೇ ಬಿಚ್ಚಿಸ್ರಿ. ಬಂಗಾರ ಪಾದರಸನ ಕ್ಷಣದಲ್ಲಿ ಹಿಡ್ಕೊಳುತ್ತೆ. ನಮ್ಮ ಮೇಡಮ್ಮೊಬ್ಬರು ಕ್ಯಾಪಿಲರಿ ನಳಿಗೆಗೆ ಪಾದರಸ ತುಂಬಿಸೋವಾಗ ಒಂದೇ ಒಂದು ಹನಿ ಉಂಗುರಕ್ಕೆ ತಾಗಿ, ನೋಡ್ತಾ ನೋಡ್ತಾ ಅರ್ಧ ಉಂಗುರ ಬೆಳ್ಳಿ ಥರ ಬೆಳ್ಳಗಾಯ್ತು, ಮದುವೆ ಉಂಗುರ ಅದು, ಪಾಪ ಅಳೋದೊಂದು ಬಾಕಿ. ಹಂಗಾದ್ರೆ ಆ ಒಡವೆನ ಸ್ಟೌ ಮೇಲೆ ಕಾಯಿಸಿ ಬಣ್ಣ ವಾಪಸ್ ತರೋಕೆ ಹೋಗಬೇಡ್ರಿ, ಕಾಯಿಸಿದ್ರೆ ಪಾದರಸ ಎಲ್ಲ ಆವಿಯಾಗಿ ನಿಮ್ಮ ಅಡುಗೆಮನೆಗೇ ತುಂಬುತ್ತೆ. ಜಿಪ್ ಕವರಲ್ಲಿ ಹಾಕಿ ಮುಚ್ಚಿ, ಅಕ್ಕಸಾಲಿಗರಿಗೆ ಇದಕ್ಕೆ ಪಾದರಸ ಹತ್ತೈತೆ ಅಂತ ಬಾಯಿಬಿಟ್ಟು ಹೇಳ್ರಿ, ಇಲ್ಲಾಂದ್ರೆ ಅವರು ಗೊತ್ತಿಲ್ಲದೆ ಪುಟ್ಟ ಅಂಗಡಿಲಿ ಕೂತು ಊದುಕೊಳವೆಲಿ ಊದಿಬಿಡ್ತಾರೆ.

ಬಾಟಲಿ ಎತ್ತೋವಾಗ ತೂಕದ ಅಂದಾಜು ತಪ್ಪುತ್ತೆ. ನೀರಿನ 13.6 ಪಟ್ಟು ತೂಕ, ಅರ್ಧ ಲೀಟರ್ ಬಾಟಲಿ ತುಂಬಾ ಇದ್ರೆ 6.8 ಕೆಜಿ. ಕತ್ತು ಹಿಡಿದು ಎತ್ತಿದ್ರೆ ಕಿತ್ತು ಬರುತ್ತೆ, ತಳಕ್ಕೊಂದು ಕೈ ಕೊಟ್ಟು ಎತ್ರಿ. ಗಾಜಿನ ಬಾಟಲಿಗಿಂತ ದಪ್ಪ ಎಚ್‌ಡಿಪಿಇ ಪ್ಲಾಸ್ಟಿಕ್ ಬಾಟಲಿ ವಾಸಿ, ಮುಕ್ಕಾಲು ಮಾತ್ರ ತುಂಬಿ, ಮೇಲೆ ಒಂದು ಬೆರಳಿನಷ್ಟು ನೀರು ನಿಲ್ಲಿಸಿದ್ರೆ ಆವಿ ಕಮ್ಮಿ. ಫಾರ್ಟಿನ್ ಬ್ಯಾರೋಮೀಟರ್ ಗೋಡೆಯಿಂದ ಇಳಿಸೋದಾದ್ರೆ ಕೆಳಗಿನ ಸ್ಕ್ರೂ ನಿಧಾನಕ್ಕೆ ತಿರುಗಿಸಿ ಪಾದರಸ ನಳಿಗೆ ತುದಿ ಹತ್ತಿರ ಬರೋ ತನಕ ಏರಿಸಿ, ಆಮೇಲೆ ಮೆಲ್ಲಗೆ ತಲೆಕೆಳಗು ಮಾಡಿ, ಅದೇ ಸ್ಥಿತಿಲಿ ಒಯ್ಯಬೇಕು. ಸುಣ್ಣಬಣ್ಣ ಬಳಿಯೋ ಹುಡುಗರ ಕೈಗೆ ಅದನ್ನ ಬಿಟ್ಟು ಊಟಕ್ಕೆ ಹೋಗಬೇಡ್ರಿ.

ಹುಡುಗರು ಒಂದು ಹನಿ ಕೊಡ್ರಿ ಸಾರ್ ಅಂತ ಕೇಳ್ತಾರೆ, ಪಾದರಸದ ಶಿವಲಿಂಗ, ಅಂದ್ರೆ ರಸಲಿಂಗ ಮಾಡಿಸ್ತೀವಿ ಅಂತ ಹೊರಗಿನೋರೂ ಕೇಳ್ಕೊಂಡು ಬರ್ತಾರೆ, ಗುಜರಿಯೋರು ರೇಟು ಹೇಳ್ತಾರೆ. ಯಾರಿಗೂ ಕೊಡಬೇಡ್ರಿ. ನಿಮ್ಮ ಲ್ಯಾಬಿಂದ ಹೋದ ಗುಂಡು ಯಾರದೋ ಮನೆ ಮಲಗೋ ಕೋಣೇಲಿ ಆವಿಯಾಗ್ತಿರುತ್ತೆ.

ಚೆಲ್ಲಿದ ಮೇಲೆ ಹೆಜ್ಜೆ ಹೆಜ್ಜೆಯಾಗಿ

ಮೊದಲು ಫ್ಯಾನ್ ಆಫ್ ಮಾಡ್ರಿ. ಎಸಿ ಇದ್ರೆ ಅದೂ ಆಫ್. ಫ್ಯಾನ್ ಗಾಳಿ ಆವಿನ ಮೂಲೆಮೂಲೆಗೂ ಒಯ್ಯುತ್ತೆ.

ಎಲ್ಲರೂ ಇದ್ದಲ್ಲೇ ನಿಂತು ಚಪ್ಪಲಿ ಅಡಿ ನೋಡ್ಕೊಳ್ಳಲಿ, ಗುಂಡು ಅಂಟಿದ್ರೆ ಆ ಚಪ್ಪಲಿ ಬಾಗಿಲಲ್ಲೇ ಬಿಟ್ಟು ಹೊರಗೆ ಹೋಗಲಿ. ಬಸುರಿ ಹೆಣ್ಮಕ್ಕಳು ಇದ್ರೆ ಅವರನ್ನ ಮೊದಲು ಕಳಿಸ್ರಿ, ಕ್ಲೀನಿಂಗ್ ಕೆಲಸಕ್ಕೆ ಅವರು ಬರೋದೇ ಬೇಡ. ಹೊರಗಿನ ಕಿಟಕಿ ಎಲ್ಲ ತೆಗೀರಿ, ಕಾರಿಡಾರ್ ಕಡೆ ಬಾಗಿಲು ಮುಚ್ರಿ. ಬೀಳಿಸಿದ ಹುಡುಗನ್ನ ಆ ಹೊತ್ತಲ್ಲಿ ಬೈಯಬೇಡ್ರಿ, ಬೈದ್ರೆ ಮುಂದಿನ ಸಲ ಒಡೆದೋನು ಹೇಳೋದಿಲ್ಲ, ಕಾಲಲ್ಲಿ ಟೇಬಲ್ ಕೆಳಗೆ ತಳ್ಳಿ ಸುಮ್ಮನೆ ಹೋಗ್ತಾನೆ. ನಮ್ಮಲ್ಲಿ ಒಡೆದ ಥರ್ಮಾಮೀಟರಿಗೆ ಫೈನ್ ಹಾಕೋದು ನಿಲ್ಲಿಸಿದ್ದು ಇದಕ್ಕೇನೇ.

ಈಗ ಒಬ್ಬರೇ ಇಲ್ಲ ಇಬ್ಬರೇ ಒಳಗೆ. ಒಡವೆ ಬಿಚ್ಚಿ, ಗ್ಲೌಸ್ ಹಾಕ್ಕೊಳ್ರಿ. ಗಾಜಿನ ಚೂರು ಮೊದಲು ತೆಗೆದು ಟಿಶ್ಯೂಲಿ ಸುತ್ತಿ ಜಿಪ್ ಕವರಿಗೆ ಹಾಕ್ರಿ, ಇಲ್ಲಾಂದ್ರೆ ಗ್ಲೌಸ್ ಹರಿಯುತ್ತೆ. ಆಮೇಲೆ ಹೊರಗಿನಿಂದ ಒಳಗೆ ಬರ್ರಿ, ಅಂದ್ರೆ ದೂರ ಚದುರಿದ ಗುಂಡುಗಳನ್ನ ಲಗ್ನಪತ್ರಿಕೆ ಅಂಚಲ್ಲಿ ನಿಧಾನಕ್ಕೆ ನಡುಮಧ್ಯಕ್ಕೆ ತಳ್ರಿ, ಒಂದಕ್ಕೊಂದು ತಾಗಿದ್ರೆ ತಾವೇ ಕೂಡ್ಕೊಂಡು ದೊಡ್ಡ ಗುಂಡಾಗ್ತಾವೆ. ಆ ದೊಡ್ಡ ಗುಂಡನ್ನ ಸಿರಿಂಜಲ್ಲಿ ಎಳೆದು ಬಾಟಲಿಗೆ ಬಿಡ್ರಿ, ಬಾಟಲಿ ಟ್ರೇ ಮೇಲೇ ಇರಲಿ.

ಇಲ್ಲಿಗೆ ಮುಗೀತು ಅಂತ ಅನ್ನಿಸುತ್ತೆ. ಇನ್ನೂ ಮುಗಿದಿಲ್ಲ. ಲೈಟ್ ಆಫ್ ಮಾಡಿ, ಟಾರ್ಚನ್ನ ನೆಲಕ್ಕೆ ತಾಗಿಸಿ ಅಡ್ಡಕ್ಕೆ ಬಿಡ್ರಿ, ಮೇಲಿಂದ ಬಿಟ್ರೆ ಬೂದು ಕಲ್ಲಿನ ಮೇಲೆ ಬೂದು ಗುಂಡು ಕಾಣಲ್ಲ. ಅಡ್ಡ ಬೆಳಕಿಗೆ ಒಂದೊಂದೂ ಚುಕ್ಕಿ ಥರ ಹೊಳೆಯುತ್ತೆ. ಗುಂಡು ಅಂದ್ಕೊಂಡಷ್ಟು ಹತ್ರ ಇರಲ್ಲ, ಎರಡು ಮೂರು ಮೀಟರ್ ದೂರಕ್ಕೂ ಸಿಡಿದಿರುತ್ತೆ, ಟೇಬಲ್ ಕಾಲಿನ ಬುಡ, ಡ್ರಾಯರ್ ಒಳಗೆ, ಗೋಡೆ ಅಂಚು ಎಲ್ಲ ನೋಡ್ರಿ. ಕಂಡ ಸಣ್ಣವಕ್ಕೆ ಟೇಪಿನ ಅಂಟು ಒತ್ತಿ ಎತ್ರಿ, ಇಲ್ಲ ಒದ್ದೆ ಟಿಶ್ಯೂ ಒತ್ತಿ ಎತ್ರಿ.

ಕಲ್ಲಿನ ಸಂದು, ತೇಗದ ಟೇಬಲ್ ಬಿರುಕು ಇವೆರಡೇ ನಮ್ಮ ಕಡೆ ಲ್ಯಾಬುಗಳ ದೊಡ್ಡ ತಲೆನೋವು. ಅಲ್ಲಿಗೆ ಇಳಿದದ್ದು ಟೇಪಿಗೆ ಸಿಗಲ್ಲ. ಸಂದಿಗೆ ಗಂಧಕದ ಪುಡಿ ಉದುರಿಸಿ ಬ್ರಷಲ್ಲಿ ಮೆಲ್ಲಗೆ ಒಳಗೆ ತುಂಬ್ರಿ, ಹಳದಿ ಪುಡಿ ಅಲ್ಲಲ್ಲಿ ಕಂದು ತಿರುಗಿದ್ರೆ ಅಲ್ಲಿ ಪಾದರಸ ಐತೆ ಅಂತ ಅರ್ಥ. ಗಂಧಕದ ಮೇಲೆ ನಂಬಿಕೆ ಜಾಸ್ತಿ ಇಡಬೇಡ್ರಿ. ನಮ್ಮ ಕಾಲದ ಮೇಷ್ಟ್ರು ಗಂಧಕ ಹಾಕಿದ್ರೆ ಪಾದರಸ ಸತ್ತೋಯ್ತು ಅಂತಿದ್ರು, ಹಂಗೇನಿಲ್ಲ, ಗುಂಡಿನ ಮೇಲ್ಪದರಕ್ಕೆ ಸಲ್ಫೈಡ್ ಕಟ್ಟುತ್ತೆ, ಆವಿ ಕಮ್ಮಿಯಾಗುತ್ತೆ, ಒಳಗಿನದು ಹಂಗೇ ಇರುತ್ತೆ. ಹಂಗಾಗಿ ಒಂದಿಷ್ಟು ಹೊತ್ತು ಬಿಟ್ಟು ಆ ಪುಡಿನೂ ಒದ್ದೆ ಟಿಶ್ಯೂಲಿ ಎತ್ತಿ ಕವರಿಗೆ ಹಾಕ್ರಿ, ಅದೂ ಪಾದರಸದ ತ್ಯಾಜ್ಯವೇ. ರಜೆಲಿ ಸಂದುಗಳಿಗೆ ಸಿಮೆಂಟೋ ಎಪಾಕ್ಸಿನೋ ತುಂಬಿಸ್ರಿ, ನಮಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಈ ಒಂದು ಕೆಲಸ.

ಬಟ್ಟೆ ಮೇಲೆ ಬಿದ್ದಿದ್ರೆ ಆ ಬಟ್ಟೆ ವಾಷಿಂಗ್ ಮಷಿನಿಗೆ ಹಾಕಬೇಡ್ರಿ, ಮಷಿನ್ ಪೂರ್ತಿ ಹತ್ತಿ ಮನೆಮಂದಿ ಬಟ್ಟೆಗೆಲ್ಲ ಹರಡುತ್ತೆ. ಕವರಲ್ಲಿ ಕಟ್ಟಿ ತ್ಯಾಜ್ಯಕ್ಕೇ ಬಿಡ್ರಿ. ಚರ್ಮಕ್ಕೆ ತಾಗಿದ್ರೆ ಟೇಪಲ್ಲಿ ಗುಂಡು ತೆಗೆದು, ಆಮೇಲೆ ಸೋಪು ನೀರು.

ಎಲ್ಲ ಆದಮೇಲೆ ಒಂದು ದಿನ ಕಿಟಕಿ ತೆರೆದು ರೂಮು ಖಾಲಿ ಬಿಡ್ರಿ, ಮರುದಿನ ಬೆಳಗ್ಗೆ ಇನ್ನೊಂದು ಸಲ ಟಾರ್ಚ್ ಹಾಕ್ರಿ. ಎರಡನೇ ದಿನ ಸಿಗದೇ ಇದ್ದದ್ದು ನಂಗೆ ಇನ್ನೂ ನೆನಪಿಲ್ಲ, ಒಂದೆರಡಾದ್ರೂ ಸಿಕ್ಕೇ ಸಿಗ್ತಾವೆ.

ಇಷ್ಟೆಲ್ಲ ಒಂದು ಥರ್ಮಾಮೀಟರ್ ಅಳತೆಗೆ. ಬ್ಯಾರೋಮೀಟರೇ ಬಿದ್ದು ಅರ್ಧ ಕೆಜಿ ಚೆಲ್ಲಿದ್ರೆ ನೀವೇ ಶೂರರಾಗಬೇಡ್ರಿ. ಎಲ್ಲರನ್ನೂ ಹೊರಗೆ ಕಳಿಸಿ, ಕಿಟಕಿ ತೆಗೆದು, ಬಾಗಿಲು ಮುಚ್ಚಿ ಬೀಗ ಹಾಕಿ, ಪ್ರಿನ್ಸಿಪಾಲರ ಮೂಲಕ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಫೋನ್ ಮಾಡಿಸ್ರಿ.

ಓವನ್ನಲ್ಲಿ ಒಡೆದ್ರೆ, ಸಿಂಕಿಗೆ ಹೋದ್ರೆ

ಹಾಟ್ ಏರ್ ಓವನ್ ಮೇಲೆ ಸಿಕ್ಕಿಸಿರೋ ಥರ್ಮಾಮೀಟರ್ ಒಡೆದು ಪಾದರಸ ಒಳಗೆ ಬೀಳೋದು ಹೊಸದಲ್ಲ, ಮಾಮೂಲಿ ಚೆಲ್ಲೋದಕ್ಕಿಂತ ಇದು ಎಷ್ಟೋ ಪಟ್ಟು ಅಪಾಯ. 100 ಡಿಗ್ರಿಲಿ ಪಾದರಸದ ಆವಿ ಒತ್ತಡ 20 ಡಿಗ್ರಿಲಿ ಇರೋದಕ್ಕಿಂತ 200 ಪಟ್ಟಿಗೂ ಮೇಲೆ. ಏನಾಯ್ತು ನೋಡೋಣ ಅಂತ ಓವನ್ ಬಾಗಿಲು ತೆಗೆದು ಮುಖ ಒಡ್ಡಬೇಡ್ರಿ, ಎಲ್ಲರ ಕೈ ಮೊದಲು ಹೋಗೋದೇ ಆ ಬಾಗಿಲಿಗೆ. ಮೇನ್ ಸ್ವಿಚ್ ಆಫ್, ಕಿಟಕಿ ಓಪನ್, ಎಲ್ಲರೂ ಹೊರಗೆ, ರೂಮಿಗೆ ಬೀಗ. ಪೂರ್ತಿ ತಣ್ಣಗಾಗೋ ತನಕ, ಅಂದ್ರೆ ಮರುದಿನದ ತನಕ ಮುಟ್ಟೋದು ಬೇಡ. ಯಾರಾದ್ರೂ ಆ ಬಿಸಿ ಆವಿ ಕುಡಿದು ಎದೆ ಬಿಗಿತ, ಕೆಮ್ಮು, ಜ್ವರ ಬಂತು ಅಂದ್ರೆ ಆಸ್ಪತ್ರೆಗೆ ಹೋಗಿ ಪಾದರಸದ ಆವಿ ಕುಡಿದಿದೀನಿ ಅಂತ ಡಾಕ್ಟ್ರಿಗೆ ಬಿಡಿಸಿ ಹೇಳಬೇಕು, ಇಲ್ಲಾಂದ್ರೆ ಅವರು ನ್ಯುಮೋನಿಯಾ ಅಂತ ತಿಳ್ಕೋಬಹುದು. ವರ್ಷಗಟ್ಟಲೆ ಇಂಥ ಲ್ಯಾಬಲ್ಲಿ ಕೂತ ಅಟೆಂಡರುಗಳಿಗೆ ಮೂತ್ರದಲ್ಲಿ ಪಾದರಸದ ಪ್ರಮಾಣ ನೋಡೋ ಟೆಸ್ಟ್ ಐತೆ, ಡಾಕ್ಟ್ರನ್ನ ಕೇಳಿ ಮಾಡಿಸ್ರಿ, ಖರ್ಚು ಕಾಲೇಜಿಂದ ಕೊಡಿಸ್ರಿ.

ಸಿಂಕಿಗೆ ಹೋದ ಪಾದರಸ ಭಾರಕ್ಕೆ ಕೆಳಗಿನ ಯು ಆಕಾರದ ಬೆಂಡಲ್ಲೇ ಕೂತಿರುತ್ತೆ. ನಲ್ಲಿ ಬಿಟ್ಟು ಕೊಚ್ಚಿಸೋಕೆ ಹೋಗದೆ, ಕೆಳಗೆ ಟ್ರೇ ಇಟ್ಟು ಆ ಬೆಂಡ್ ಬಿಚ್ಚಿಸ್ರಿ. ಹಳೇ ಲ್ಯಾಬಲ್ಲಿ ಪ್ಲಂಬರ್ ಬಂದಾಗೆಲ್ಲ ಇದನ್ನ ಮೊದಲೇ ಹೇಳ್ಬೇಕು, ಆ ಮನುಷ್ಯ ಬರಿಗೈಲಿ ಬಿಚ್ಚಿ ಅದರ ನೀರು ಪ್ಯಾಂಟಿಗೆ ಒರೆಸ್ಕೊಂಡು ಹೋಗ್ತಾನೆ, ಅವನಿಗೆ ಏನು ಗೊತ್ತು. ಚರಂಡಿ ದಾಟಿ ಕೆರೆನೋ ಹೊಳೆನೋ ಸೇರಿದ್ರೆ ಕೆಸರಿನ ಬ್ಯಾಕ್ಟೀರಿಯಾ ಅದನ್ನ ಮಿಥೈಲ್ ಮರ್ಕ್ಯುರಿ ಅನ್ನೋ ಇನ್ನೂ ಕೆಟ್ಟ ವಿಷ ಮಾಡ್ತಾವೆ, ಅದು ಮೀನಲ್ಲಿ ಸೇರ್ಕೊಳುತ್ತೆ, ದೊಡ್ಡ ಮೀನಲ್ಲಿ ಇನ್ನೂ ಜಾಸ್ತಿ. ಜಪಾನಿನ ಮಿನಮಾಟದಲ್ಲಿ 1956ರಲ್ಲಿ ಬೆಳಕಿಗೆ ಬಂದ ಕಾಯಿಲೆ ಇದೇ, ಫ್ಯಾಕ್ಟರಿ ನೀರಿನ ಪಾದರಸ ಮೀನಿಗೆ ಹೋಗಿ, ಮೀನು ತಿಂದ ತಾಯಂದಿರ ಹೊಟ್ಟೆಲಿದ್ದ ಕೂಸುಗಳಿಗೂ ತಟ್ಟಿತು. ನಮ್ಮ ಪಕ್ಕದಲ್ಲೇ ಕೊಡೈಕೆನಾಲಲ್ಲಿ ಥರ್ಮಾಮೀಟರ್ ಫ್ಯಾಕ್ಟರಿ 2001ರಲ್ಲಿ ಮುಚ್ಚಿದ್ದೂ ಪಾದರಸದ ತ್ಯಾಜ್ಯದ ಗಲಾಟೆಲೇ. ಹರಿಹರದಲ್ಲಿ ತುಂಗಭದ್ರೆ ಮೀನು ತಿನ್ನೋ ನಮಗೆ ಇದು ದೂರದ ಮಾತಲ್ಲ.

ಕೆಮಿಸ್ಟ್ರಿ ಲ್ಯಾಬಿನೋರು ಗಮನಿಸ್ರಿ

ಗುಂಡು ಕಣ್ಣಿಗೆ ಕಾಣುತ್ತೆ, ಹಂಗಾಗಿ ಎಲ್ಲರೂ ಅದಕ್ಕೇ ಹೆದರ್ತಾರೆ. ನೀರಲ್ಲಿ ಕರಗಿದ ಪಾದರಸದ ಲವಣ ಕಾಣಲ್ಲ, ಆದ್ರೆ ಹೊಟ್ಟೆಗೆ ಹೋದ್ರೆ ಕರುಳು, ಕಿಡ್ನಿ ಎರಡೂ ಕೆಡಿಸುತ್ತೆ, ಲೋಹದ ಪಾದರಸದಂಗೆ ಹೊರಗೆ ಹೋಗಲ್ಲ. ಮರ್ಕ್ಯುರಿಕ್ ಕ್ಲೋರೈಡ್ ಬಾಟಲಿ ಬೀಗದಲ್ಲೇ ಇರಲಿ.

ನೀರಿನ ಟೆಸ್ಟಿಂಗ್ ಮಾಡೋ ಲ್ಯಾಬಿನ ಸಿಒಡಿ (ನೀರಿನ ಕೊಳೆಗೆ ಎಷ್ಟು ಆಕ್ಸಿಜನ್ ಬೇಕು ಅಂತ ನೋಡೋ ಟೆಸ್ಟ್) ತ್ಯಾಜ್ಯದ ಲೆಕ್ಕ ಒಂದು ಸಲ ಹಾಕಿ ನೋಡ್ರಿ. ಸ್ಯಾಂಪಲನ್ನ ಆಸಿಡಲ್ಲಿ ಕುದಿಸೋ ಓಪನ್ ರಿಫ್ಲಕ್ಸ್ ವಿಧಾನದಲ್ಲಿ 20 ಮಿಲಿಲೀಟರ್ ಸ್ಯಾಂಪಲಿಗೆ 0.4 ಗ್ರಾಂ ಮರ್ಕ್ಯುರಿಕ್ ಸಲ್ಫೇಟ್ ಹಾಕ್ತೀವಿ, ಕ್ಲೋರೈಡ್ ಅಡ್ಡ ಬರದಂಗೆ. ಅದರ ಮೂರನೇ ಎರಡು ಭಾಗ ಪಾದರಸವೇ, ಅಂದ್ರೆ ಒಂದು ಟೆಸ್ಟಿಗೆ ಸುಮಾರು 0.27 ಗ್ರಾಂ. ನಾಲ್ಕು ಟೆಸ್ಟ್ ಮಾಡಿ ಸಿಂಕಿಗೆ ಸುರಿದ್ರೆ ಒಂದು ಜ್ವರದ ಥರ್ಮಾಮೀಟರ್ ಒಡೆದು ಚರಂಡಿಗೆ ಹಾಕಿದಂಗೆ. ದಿನಕ್ಕೆ ಐದು, ವರ್ಷಕ್ಕೆ 250 ದಿನ ಅಂತ ಹಿಡಿದ್ರೆ 330 ಗ್ರಾಂ ದಾಟುತ್ತೆ, ಸ್ಯಾಂಪಲ್ ಇಲ್ಲದೆ ಮಾಡೋ ಬ್ಲ್ಯಾಂಕ್ ಟೆಸ್ಟಿಂದು ಬೇರೆ. ಥರ್ಮಾಮೀಟರ್ ಒಡೆದ್ರೆ ಓಡಾಡೋ ನಾವೇ ಇದನ್ನ ನಲ್ಲಿ ಬಿಟ್ಟು ತೊಳೀತೀವಲ್ಲ, ಇದು ನಿಲ್ಲಬೇಕು. ಸಿಒಡಿ ಉಳಿಕೆ ತಣ್ಣಗಾದ ಮೇಲೆ ಬೇರೆ ಕ್ಯಾನಲ್ಲಿ ಕೂಡಿಡ್ರಿ, ಅದರಲ್ಲಿ ಗಂಧಕಾಮ್ಲ, ಕ್ರೋಮಿಯಂ, ಬೆಳ್ಳಿ ಕೂಡ ಇರುತ್ತೆ. ಸೋಡಿಯಂ ಸಲ್ಫೈಡ್ ಹಾಕಿ ಪಾದರಸ ಇಳಿಸ್ತೀನಿ ಅಂತ ಆ ಆಸಿಡ್‌ಗೆ ಸುರಿಯೋ ಸಾಹಸ ಬೇಡ, ಹೈಡ್ರೋಜನ್ ಸಲ್ಫೈಡ್ ಅನಿಲ ಏಳುತ್ತೆ, ಅದು ಪಾದರಸಕ್ಕಿಂತ ಬೇಗ ಕೊಲ್ಲುತ್ತೆ.

ಸಾವಯವ ಪಾದರಸದ ಸಂಯುಕ್ತಗಳು, ಅಂದ್ರೆ ಕಾರ್ಬನ್ ಜೊತೆ ಕೂಡಿದ ಪಾದರಸ, ನಮ್ಮ ಕಾಲೇಜುಗಳಲ್ಲಿ ಇರಲ್ಲ, ಇರಲೂ ಬಾರದು. 1996ರಲ್ಲಿ ಅಮೆರಿಕದ ಕರೆನ್ ವೆಟರ್‌ಹಾನ್ ಅನ್ನೋ ರಸಾಯನ ವಿಜ್ಞಾನಿ ಕೈಗೆ ಡೈಮಿಥೈಲ್ ಮರ್ಕ್ಯುರಿ ಬರೀ ಒಂದೆರಡು ಹನಿ ಬಿತ್ತು, ಲ್ಯಾಟೆಕ್ಸ್ ಗ್ಲೌಸ್ ಹಾಕಿದ್ರೂ ಅದನ್ನ ದಾಟಿ ಒಳಗೆ ಹೋಯ್ತು, ಮರುವರ್ಷ ಆಯಮ್ಮ ತೀರಿಕೊಂಡ್ರು. ಯಾವ ಪಾದರಸ ಅನ್ನೋದರ ಮೇಲೆ ಗ್ಲೌಸಿಂದ ಹಿಡಿದು ಎಲ್ಲ ಬದಲಾಗುತ್ತೆ, ಹಂಗಾಗಿ ಬೀರಲ್ಲಿ ಹೆಸರು ಅಳಿಸಿಹೋದ ಬಾಟಲಿ ಸಿಕ್ಕಿದ್ರೆ ಮುಚ್ಚಳ ತೆಗೆದು ಮೂಸೋದು ಬೇಡ.

ಕೂಡಿಟ್ಟದ್ದನ್ನ ಏನು ಮಾಡೋದು

ಮೂರು ಥರ ಬೇರೆ ಬೇರೆ ಇಡ್ರಿ: ಲೋಹದ ಪಾದರಸ ಬಾಟಲಿಲಿ, ಗಾಜು ಗ್ಲೌಸ್ ಟೇಪ್ ಗಂಧಕ ಇದೆಲ್ಲ ಕವರ್ ಮೇಲೆ ಕವರ್ ಹಾಕಿ ಗಟ್ಟಿ ಡಬ್ಬಿಲಿ, ದ್ರಾವಣಗಳು ಅವವುಗಳ ಕ್ಯಾನಲ್ಲಿ. ಒಂದಕ್ಕೊಂದು ಬೆರೆಸಿದ್ರೆ ಆಮೇಲೆ ತಗೊಳ್ಳೋರೂ ತಗೊಳ್ಳಲ್ಲ. ಪ್ರತಿಯೊಂದರ ಮೇಲೆ ಅಪಾಯಕಾರಿ ತ್ಯಾಜ್ಯ, ಪಾದರಸ ಅಂತ ಕನ್ನಡ ಇಂಗ್ಲಿಷ್ ಎರಡರಲ್ಲೂ ದಪ್ಪಗೆ ಬರೆದು, ತೂಕ, ತಾರೀಕು, ಲ್ಯಾಬ್ ಹೆಸರು ಹಾಕ್ರಿ, ಮಾರ್ಕರಲ್ಲಿ ಬರೆದದ್ದು ಅಳಿಸಿಹೋಗುತ್ತೆ, ಮೇಲೆ ಪಾರದರ್ಶಕ ಟೇಪ್ ಅಂಟಿಸ್ರಿ. ಬಿಸಿಲು ಬೀಳದ ಬೀರಲ್ಲಿ, ಕೆಳಗಿನ ಅರೆಲಿ, ಟ್ರೇ ಒಳಗೆ, ಬೀಗ ಹಾಕಿ.

ಕಸದ ಗಾಡಿಗೆ ಹಾಕೋದು, ಹಿತ್ತಲಲ್ಲಿ ಹೂಳೋದು, ಸುಡೋದು ಮೂರೂ ಆಗಲ್ಲ. ಆಸ್ಪತ್ರೆ, ದಂತ ಕಾಲೇಜಿನೋರು ಹಳದಿ ಕವರಿಗೆ ಹಾಕಿ ಇನ್ಸಿನರೇಟರಿಗೆ ಕಳಿಸಿದ್ರೆ ಅಲ್ಲಿ ಸುಟ್ಟು ಊರಿನ ಗಾಳಿಗೇ ಸೇರುತ್ತೆ, ಬಿಸಿ ಹಬೆಲಿ ಶುದ್ಧ ಮಾಡೋ ಆಟೋಕ್ಲೇವಿಗೂ ಹಾಕಂಗಿಲ್ಲ. ಹಲ್ಲಿಗೆ ತುಂಬೋ ಅಮಾಲ್ಗಮ್ (ಪಾದರಸ ಬೆರೆತ ಲೋಹ) ಉಳಿಕೆಯೂ ಹಂಗೇ, ಮುಚ್ಚಳ ಬಿಗಿ ಇರೋ ಡಬ್ಬಿಲಿ ಕೂಡಿಡಬೇಕು.

ಇದಕ್ಕೆ ಅನ್ವಯ ಆಗೋದು ಅಪಾಯಕಾರಿ ತ್ಯಾಜ್ಯಗಳ 2016ರ ನಿಯಮ. ಅದರ ಪ್ರಕಾರ ಇಂಥ ತ್ಯಾಜ್ಯ ಸಾಮಾನ್ಯವಾಗಿ 90 ದಿನಕ್ಕಿಂತ ಜಾಸ್ತಿ ಇಟ್ಕೊಳ್ಳಂಗಿಲ್ಲ, ಮಂಡಳಿಯಿಂದ ಅಧಿಕಾರ ಪಡೆದೋರಿಗೇ ಕೊಡಬೇಕು, ಕಳಿಸೋವಾಗ ಫಾರಂ 10 ಅನ್ನೋ ಮ್ಯಾನಿಫೆಸ್ಟ್, ಅಂದ್ರೆ ಸಾಗಣೆ ಚೀಟಿ, ಜೊತೆ ಹೋಗಬೇಕು. ಸಣ್ಣ ಕಾಲೇಜಿನೋರಿಗೆ ಇದೆಲ್ಲ ಕೇಳಿದ್ರೆ ಗಾಬರಿ ಆಗುತ್ತೆ, ಅದಕ್ಕೇ ಬೀರಲ್ಲಿ ಇಪ್ಪತ್ತು ವರ್ಷ ಕೂತಿರುತ್ತೆ. ನಾವು ಮಾಡಿದ್ದು ಇಷ್ಟೇ: ಪ್ರಿನ್ಸಿಪಾಲರ ಸಹಿಯಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ಕಚೇರಿಗೆ ಒಂದು ಪುಟದ ಪತ್ರ. ಲೋಹದ ಪಾದರಸ ಇಷ್ಟು ಗ್ರಾಂ, ಒಡೆದ ಥರ್ಮಾಮೀಟರ್ ಇಷ್ಟು, ದ್ರಾವಣ ಇಷ್ಟು ಲೀಟರ್, ಯಾವ ಡಬ್ಬಿಲಿ ಐತೆ, ಯಾರಿಗೆ ಕೊಡಬೇಕು ತಿಳಿಸಿ ಅಂತ. ಬರೀ ವಿಲೇವಾರಿ ಬಗ್ಗೆ ಅಂತ ಬರೆದ್ರೆ ಪತ್ರ ಓಡಲ್ಲ, ಗ್ರಾಂ ಲೆಕ್ಕ ಕಂಡ್ರೆ ಓಡುತ್ತೆ. ಸ್ವಚ್ಛವಾಗಿರೋ, ಬಳಸದ ಪಾದರಸ ಇದ್ರೆ ಮಾರಿದ ಕಂಪನಿ ವಾಪಸ್ ತಗೊಳುತ್ತಾ ಅಂತ ಮೊದಲು ಕೇಳ್ರಿ. ಬೈಕ್ ಡಿಕ್ಕಿಲಿ ಇಟ್ಕೊಂಡು ಇನ್ನೊಂದು ಕಾಲೇಜಿಗೆ ಕೊಟ್ಟು ಬರೋದು ಮಾತ್ರ ಬೇಡ, ದಾರೀಲಿ ಬಿದ್ರೆ ಯಾರು ಜವಾಬ್ದಾರಿ.

ಹೊಸದಾಗಿ ತರಿಸೋವಾಗ ಪಾದರಸದ್ದೇ ಬೇಕಾ ಅಂತ ಯೋಚನೆ ಮಾಡ್ರಿ. ಪಾದರಸದ ಬಳಕೆ ಕಮ್ಮಿ ಮಾಡೋ ಅಂತಾರಾಷ್ಟ್ರೀಯ ಮಿನಮಾಟ ಒಪ್ಪಂದನ ಭಾರತ 2018ರಲ್ಲಿ ಸ್ಥಿರೀಕರಿಸೈತೆ, ಜ್ವರದ ಥರ್ಮಾಮೀಟರ್, ಬಿಪಿ ಮಷಿನ್ ಇವೆಲ್ಲ ಪಾದರಸ ಬಿಟ್ಟು ಬೇರೆ ಥರಕ್ಕೆ ಹೋಗ್ಬೇಕು ಅನ್ನೋದು ಅದರಲ್ಲೇ ಐತೆ. ಕ್ಯಾಲೊರಿಮೀಟರ್ ಪ್ರಯೋಗಕ್ಕೆ ಕೆಂಪು ಆಲ್ಕೋಹಾಲ್ ಥರ್ಮಾಮೀಟರ್ ಸಾಕು, ಓವನ್ನಿಗೆ ಡಿಜಿಟಲ್, ಗೋಡೆಗೆ ಪಾದರಸ ಇಲ್ಲದ ಅನೆರಾಯ್ಡ್ ಬ್ಯಾರೋಮೀಟರ್. ನಮ್ಮಲ್ಲಿ ಎರಡು ವರ್ಷದಲ್ಲಿ ಒಂದೊಂದಾಗಿ ಬದಲು ಮಾಡಿದ್ವಿ, ಒಂದೇ ಸಲ ದುಡ್ಡು ಎಲ್ಲಿಂದ ಬರಬೇಕು.

ಕೊನೇ ಕೆಲಸ ಸ್ಟಾಕ್ ರಿಜಿಸ್ಟರಲ್ಲಿ. ಒಡೆದದ್ದನ್ನ ಬರೀ ಬ್ರೇಕೇಜ್ ಅಂತ ಬರೆದು ಸಾಲು ಹೊಡೆದುಬಿಡ್ತೀವಿ, ಅದರ ಪಾದರಸ ಎಲ್ಲಿ ಹೋಯ್ತು ಅಂತ ಯಾರೂ ಬರೆಯಲ್ಲ. ಆ ಕಾಲಂ ಪಕ್ಕ ಇನ್ನೊಂದು ಕಾಲಂ ಎಳೀರಿ, ಎಷ್ಟು ಕೂಡಿಟ್ಟಿದೀವಿ, ಯಾವ ಬಾಟಲಿಲಿ, ಮ್ಯಾನಿಫೆಸ್ಟ್ ನಂಬರ್ ಯಾವುದು ಅಂತ. ನಮ್ಮ ರಿಜಿಸ್ಟರಲ್ಲಿ ಈಗ ಆ ಕಾಲಂ ಬರೆಯೋದು ಅಟೆಂಡರ್ ಅಣ್ಣನೇ, ಸ್ಪಿಲ್ ಕಿಟ್ಟಿನ ಬೀಗದ ಕೈನೂ ಅವರ ಹತ್ರಾನೇ, ಅವರ ಸ್ಟೂಲು ಕಿಟಕಿ ಪಕ್ಕಕ್ಕೆ ಬಂದೈತೆ.